ರಿಟರ್ನ್ ಹಾಕಲು ಇನ್ನೊಂದು ಹದಿನೈದು ದಿನ ಟೈಮ್ ಕೇಳಬಹುದಾ? ಅಪ್ಪ ಆಸ್ಪತ್ರೆಯಲ್ಲಿದ್ದಾರೆ

ನರಸಾಪುರ ಶಿಫ್ಟ್ · 13 ಸೆಪ್ಟೆಂಬರ್ 2025, ಬೆಳಿಗ್ಗೆ 10:40

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದವನು. ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ. ಸೋಮವಾರ 15ನೇ ತಾರೀಖು ಆದಾಯ ತೆರಿಗೆ ರಿಟರ್ನ್‌ಗೆ ಕೊನೆ ದಿನ. ನಾನಿನ್ನೂ ಹಾಕಿಲ್ಲ.

ಗಣೇಶನ ಹಬ್ಬ ಕಳೆದು ಒಂದು ವಾರಕ್ಕೆ ಅಪ್ಪನಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಎರಡೂ ಆಡುತ್ತಿಲ್ಲ. ಅಂದಿನಿಂದ ರಾತ್ರಿ ಆಸ್ಪತ್ರೆ, ಹಗಲು ಶಿಫ್ಟ್. ಕಾಗದಪತ್ರ ಹುಡುಕುವುದಕ್ಕೆ ಮನೆಗೆ ಹೋಗಿ ಕೂರಲೂ ಆಗಿಲ್ಲ. ಅದರ ಜೊತೆ ಇನ್ನೊಂದು ತಲೆನೋವು. ಕಳೆದ ವರ್ಷ ಸೆಪ್ಟೆಂಬರ್‌ನಲ್ಲಿ ಕೆಲಸ ಬದಲಾಯಿಸಿದೆ. ಹಳೆ ಕಂಪನಿ ಬೆಂಗಳೂರಿನದು. ಮೂರು ಸಲ ಮೇಲ್ ಹಾಕಿದರೂ, ಸಂಬಳ ಮತ್ತು ಹಿಡಿದ ತೆರಿಗೆಯ ವಿವರ ಇರುವ ಫಾರಂ 16 ಕೊಟ್ಟಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಆಸ್ಪತ್ರೆಯ ಕಾಗದ ಲಗತ್ತಿಸಿ ಇಲಾಖೆಗೆ ಅರ್ಜಿ ಕೊಟ್ಟರೆ ಹದಿನೈದು ದಿನ ಟೈಮ್ ಕೊಡುತ್ತಾರಾ? ಯಾರಿಗೆ ಬರೆಯಬೇಕು? ಅಮೆರಿಕದಲ್ಲಿರುವ ನಮ್ಮ ಭಾವ, ಅಲ್ಲಿ ಒಂದು ಫಾರಂ ಹಾಕಿದರೆ ಆರು ತಿಂಗಳು ಸಿಗುತ್ತದೆ, ನಮ್ಮಲ್ಲೂ ಇದ್ದೇ ಇರುತ್ತೆ ನೋಡು ಅಂದರು. ಪೋರ್ಟಲ್‌ನಲ್ಲಿ ಎಷ್ಟು ಹುಡುಕಿದರೂ ಕಾಣುತ್ತಿಲ್ಲ.

ಬಂಗಾರಪೇಟೆ ಬಂಡಿ · 10:52

ಮೊದಲು ಅಪ್ಪನನ್ನು ನೋಡಿಕೊಳ್ಳಿ ಅಣ್ಣ. ಹೇಗಿದ್ದಾರೆ ಈಗ?

ಮಾಲೂರು ಹೆಂಚು · 10:58

12 ಲಕ್ಷದವರೆಗೆ ತೆರಿಗೆನೇ ಇಲ್ವಲ್ಲ? ಬಜೆಟ್‌ನಲ್ಲಿ ಹೇಳಿದ್ದಾರೆ. ನೀವು ರಿಟರ್ನ್ ಹಾಕುವುದೇ ಬೇಡ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಲೆಕ್ಕದ ಪುಸ್ತಕ · 11:20

ಮಾಲೂರು ಅವರೇ, ಈ ಮಾತು ನಂಬಿ ನನ್ನ ಹತ್ತಿರ ಬರುವುದನ್ನೇ ಬಿಟ್ಟವರು ಈ ವರ್ಷ ಹತ್ತಾರು ಜನ. ಆ 12 ಲಕ್ಷದ ರಿಯಾಯಿತಿ 2025ರ ಏಪ್ರಿಲ್ 1ರ ನಂತರ ಗಳಿಸಿದ ಆದಾಯಕ್ಕೆ. ಈಗ ಹಾಕುತ್ತಿರುವುದು 2025ರ ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕ. ತೆರಿಗೆ ಲೆಕ್ಕಕ್ಕೆ ಎರಡು ಪದ್ಧತಿ ಇವೆ, ಹಳೆಯದರಲ್ಲಿ ಕಳೆಯುವ ಬಾಬ್ತು ಜಾಸ್ತಿ, ಹೊಸದರಲ್ಲಿ ಕಡಿಮೆ. ಆ ವರ್ಷಕ್ಕೆ ಹೊಸ ಪದ್ಧತಿಯಲ್ಲಿ ರಿಯಾಯಿತಿ 7 ಲಕ್ಷದವರೆಗೆ ಮಾತ್ರ. ಇನ್ನೊಂದು, ತೆರಿಗೆ ಸೊನ್ನೆ ಬಂದರೂ ಆದಾಯ ಮೂಲ ಮಿತಿ ದಾಟಿದ್ದರೆ ರಿಟರ್ನ್ ಹಾಕಲೇಬೇಕು. ಮಿತಿ ಹಳೆಯದರಲ್ಲಿ 2.5 ಲಕ್ಷ, ಹೊಸದರಲ್ಲಿ 3 ಲಕ್ಷ.

ನರಸಾಪುರದವರಿಗೆ: ನಾನು ಚಿಂತಾಮಣಿಯಲ್ಲಿ ರಿಟರ್ನ್ ಹಾಕಿಕೊಡುವ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಒಬ್ಬೊಬ್ಬರೇ ಮುಂಚೆ ಅರ್ಜಿ ಹಾಕಿ ಟೈಮ್ ತಗೊಳ್ಳುವ ದಾರಿ ಇಲ್ಲ. ದಿನ ಮುಂದೂಡುವ ಅಧಿಕಾರ ದೆಹಲಿಯ ಕೇಂದ್ರ ನೇರ ತೆರಿಗೆ ಮಂಡಳಿಯದು, ಸೆಕ್ಷನ್ 119ರಲ್ಲಿ. ಮುಂದೂಡಿದರೆ ಎಲ್ಲರಿಗೂ ಒಟ್ಟಿಗೆ. ಈ ಸಲ ಜುಲೈ 31 ಇದ್ದದ್ದನ್ನು ಸೆಪ್ಟೆಂಬರ್ 15 ಮಾಡಿದ್ದೂ ಹಾಗೇ. ಫಾರಂಗಳು ತುಂಬಾ ಬದಲಾಗಿವೆ, ಸಾಫ್ಟ್‌ವೇರ್ ತಯಾರಾಗಬೇಕು ಅಂತ ಮೇ 27ರಂದೇ ಹೇಳಿಬಿಟ್ಟಿದ್ದರು. ಆದ್ದರಿಂದ ನೀವು ಕಾಗದ ಬರೆದರೂ ಉತ್ತರ ಬರುವುದಿಲ್ಲ.

ತಪ್ಪಿಹೋದ ಮೇಲೆ ಕೇಳುವ ದಾರಿ ಒಂದಿದೆ, ವಿಳಂಬ ಮನ್ನಾ ಅಂತ. ಅದು ನಿಮಗೆ ಈಗ ಬೇಡ. ಮೊದಲು ಇದು ಹೇಳಿ: ಸಂಬಳ ಒಟ್ಟು ಎಷ್ಟು, ಟಿಡಿಎಸ್ ಅಂದರೆ ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ ಎಷ್ಟು ಹಿಡಿದಿದ್ದಾರೆ, ಮನೆ ಸಾಲ ಇದೆಯಾ?

ಮುಳಬಾಗಿಲು ದೋಸೆ · 11:45

ನಾನು ಟೆಕ್ಸಾಸ್‌ನಲ್ಲಿದ್ದೇನೆ, ಊರು ಮುಳಬಾಗಿಲು. ಭಾವ ಹೇಳಿದ್ದು ನಿಜ, ಆದರೆ ಅರ್ಧ ಹೇಳಿದ್ದಾರೆ. ಇಲ್ಲಿ ಫಾರಂ 4868 ಅಂತ ಇದೆ. ಏಪ್ರಿಲ್ 15ರ ಒಳಗೆ ಹಾಕಿದರೆ ಅಕ್ಟೋಬರ್ 15ರವರೆಗೆ ತಾನಾಗಿಯೇ ಸಿಗುತ್ತದೆ. ಕಾರಣ ಕೇಳುವುದೇ ಇಲ್ಲ. ಆದರೆ ಆ ಆರು ತಿಂಗಳು ಕಾಗದ ಸಲ್ಲಿಸಲು ಮಾತ್ರ, ದುಡ್ಡು ಕಟ್ಟಲು ಅಲ್ಲ. ಎಷ್ಟು ತೆರಿಗೆ ಬರಬಹುದು ಅಂತ ಅಂದಾಜು ಮಾಡಿ ಏಪ್ರಿಲ್ 15ಕ್ಕೇ ಕಟ್ಟಬೇಕು. ಕಟ್ಟದೆ ಉಳಿದ ಮೊತ್ತಕ್ಕೆ ತಿಂಗಳಿಗೆ ಅರ್ಧ ಪರ್ಸೆಂಟ್ ದಂಡ, ಅದರ ಮೇಲೆ ಬಡ್ಡಿ ಬೇರೆ. ನನ್ನ ಮೊದಲ ವರ್ಷ ಇದು ಗೊತ್ತಿಲ್ಲದೆ ಕಟ್ಟಿದ್ದೇನೆ.

ಚಾಂಪಿಯನ್ ರೀಫ್ · 12:15

ನಮ್ಮಲ್ಲೂ ಅಂಥ ಫಾರಂ ಇತ್ತು. ನಾನು ಕೆಜಿಎಫ್‌ನಲ್ಲಿ ಗಣಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದವನು, 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ. ಆಗ ಫಾರಂ 6 ಅಂತ ಒಂದು ಇತ್ತು. ಕಾರಣ ಬರೆದು ಆದಾಯ ತೆರಿಗೆ ಅಧಿಕಾರಿಗೆ ಕೊಟ್ಟರೆ ಅವರು ಟೈಮ್ ಕೊಡಬಹುದಿತ್ತು, ಆ ಅವಧಿಗೆ ಬಡ್ಡಿ ಹಾಕುತ್ತಿದ್ದರು. ನಮ್ಮ ಸಾಹೇಬರೊಬ್ಬರಿಗೆ ನಾನೇ ಟೈಪ್ ಮಾಡಿ ಕೊಟ್ಟಿದ್ದೆ. 1989ರ ಏಪ್ರಿಲ್ 1ರಿಂದ ಕಾನೂನು ಬದಲಾಗಿ ಅದು ಹೋಯಿತು. ಆಮೇಲೆ ತಡವಾದರೆ ತಡ, ಕೇಳುವ ಹಾಗಿಲ್ಲ.

ತಂದೆಯವರು ಬೇಗ ಗುಣವಾಗಲಿ ಮಗು. ಲಕ್ವಾಕ್ಕೆ ವ್ಯಾಯಾಮ ಮುಖ್ಯ. ಡಾಕ್ಟರ್ ಹೇಳಿದ ದಿನದಿಂದಲೇ ಶುರು ಮಾಡಿಸಿ.

ಬಂಗಾರಪೇಟೆ ಬಂಡಿ · 12:30

ಹಾಗಾದರೆ ಆ ಫಾರಂ ಯಾಕೆ ತೆಗೆದರು? ಕಷ್ಟದಲ್ಲಿರುವವನಿಗೆ ಕೇಳುವುದಕ್ಕಾದರೂ ಒಂದು ಬಾಗಿಲು ಬೇಡವಾ? ಆಸ್ಪತ್ರೆಯಲ್ಲಿ ಕೂತವನಿಗೂ ಸುಮ್ನೆ ಮರೆತವನಿಗೂ ಒಂದೇ ದಂಡ ಅಂದರೆ ನ್ಯಾಯ ಅಲ್ಲ.

ಲೆಕ್ಕದ ಪುಸ್ತಕ · 12:41

ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ, ಹಿಂದಿನ ಕಡೆಗೆ ಹೋಗಿದೆ. ಮುಂಚೆ ಕೇಳುವ ಹಾಗಿಲ್ಲ, ಆಮೇಲೆ ಕೇಳಬಹುದು.

ನರಸಾಪುರ ಶಿಫ್ಟ್ · ಮಧ್ಯಾಹ್ನ 1:25

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಅಪ್ಪ ಇವತ್ತು ಎರಡು ಮಾತು ಸ್ಪಷ್ಟವಾಗಿ ಆಡಿದರು. ಕೇಳಿದ ಎಲ್ಲರಿಗೂ ಥ್ಯಾಂಕ್ಸ್.

ಸಂಬಳ ಎರಡೂ ಕಡೆ ಸೇರಿ 9,20,000. ಹಳೆ ಕಂಪನಿ 10,400 ಹಿಡಿದಿದೆ. ಹೊಸ ಕಂಪನಿ ಒಂದು ರೂಪಾಯಿನೂ ಹಿಡಿದಿಲ್ಲ. ಹಳೆ ಸಂಬಳದ ವಿವರ ನಾನು ಇವರಿಗೆ ಕೊಟ್ಟಿರಲಿಲ್ಲ, ಕೊಡಬೇಕು ಅಂತ ಗೊತ್ತಿರಲಿಲ್ಲ. ಮನೆ ಸಾಲದ ಬಡ್ಡಿ 2 ಲಕ್ಷ ದಾಟುತ್ತದೆ. ಪಿಎಫ್, ಸಾಲದ ಅಸಲು ಸೇರಿ 1.5 ಲಕ್ಷ ಆಗುತ್ತದೆ. ಆರೋಗ್ಯ ವಿಮೆ 25,000. ಎರಡೂ ಕಂಪನಿಯಲ್ಲಿ ಹೊಸ ಪದ್ಧತಿ ಅಂತಲೇ ಇದೆ.

ಅವನಿ ಬೆಟ್ಟ · 1:40

ಅಪ್ಪನ ಆಸ್ಪತ್ರೆ ಬಿಲ್ ಇಟ್ಟುಕೊಳ್ಳಿ. 60 ದಾಟಿದ ತಂದೆತಾಯಿಗೆ ವಿಮೆ ಇಲ್ಲದಿದ್ದರೆ ಸೆಕ್ಷನ್ 80ಡಿಯಲ್ಲಿ ಆದಾಯದಿಂದ 50,000ದವರೆಗೆ ಕಳೆಯಬಹುದು.

ಲೆಕ್ಕದ ಪುಸ್ತಕ · 2:35

ಅವನಿಯವರು ಹೇಳಿದ್ದು ಸರಿ, ಆದರೆ ಈ ಬಿಲ್ ಈ ರಿಟರ್ನ್‌ಗೆ ಬರುವುದಿಲ್ಲ. ಸೆಪ್ಟೆಂಬರ್ 2025ರ ಖರ್ಚು ಮುಂದಿನ ವರ್ಷದ ಲೆಕ್ಕಕ್ಕೆ. ಅದೂ ಹಳೆ ಪದ್ಧತಿ ಆರಿಸಿದರೆ ಮಾತ್ರ. ಇನ್ನು ಮೇಲೆ ಬಿಲ್ ನಗದಾಗಿ ಕಟ್ಟಬೇಡಿ. ಕಾರ್ಡ್ ಅಥವಾ ಯುಪಿಐನಲ್ಲಿ ಕಟ್ಟಿ, ನಗದು ಕಟ್ಟಿದ ಚಿಕಿತ್ಸೆ ಖರ್ಚನ್ನು ಒಪ್ಪುವುದಿಲ್ಲ.

ಈಗ ನಿಮ್ಮ ಲೆಕ್ಕ ನೋಡಿ. ಇದು ಎಲ್ಲರೂ ಓದಬೇಕಾದ್ದು, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಹಳೆ ಪದ್ಧತಿ: 9,20,000ದಲ್ಲಿ ಸಂಬಳದವರಿಗೆಲ್ಲ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಹೋಯಿತು. ಮನೆ ಸಾಲದ ಬಡ್ಡಿ 2,00,000 ಹೋಯಿತು, ಅದಕ್ಕಿಂತ ಜಾಸ್ತಿ ಬಿಡುವುದಿಲ್ಲ. ಪಿಎಫ್, ಸಾಲದ ಅಸಲಿಗೆ ಸೆಕ್ಷನ್ 80ಸಿಯಲ್ಲಿ 1,50,000. ವಿಮೆ 25,000. ಉಳಿದದ್ದು 4,95,000. ಐದು ಲಕ್ಷದ ಒಳಗೆ ಬಂತಲ್ಲ, ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆ. ಹಿಡಿದ 10,400 ವಾಪಸ್ ಬರುತ್ತದೆ. ಕಂಪನಿಯಲ್ಲಿ ಹೊಸ ಪದ್ಧತಿ ಇದ್ದರೂ ಪರವಾಗಿಲ್ಲ. ನಿಮ್ಮಂಥ ಸಂಬಳದವರು ರಿಟರ್ನ್ ಹಾಕುವಾಗ ಹಳೆಯದನ್ನು ಆರಿಸಬಹುದು.

ಹೊಸ ಪದ್ಧತಿ: 75,000 ಮಾತ್ರ ಕಳೆಯುತ್ತಾರೆ. ಉಳಿದದ್ದು 8,45,000. ಮೊದಲ 3 ಲಕ್ಷಕ್ಕೆ ಇಲ್ಲ, ಆಮೇಲಿನ 4 ಲಕ್ಷಕ್ಕೆ 5 ಪರ್ಸೆಂಟ್ ಅಂದರೆ 20,000, ಉಳಿದ 1,45,000ಕ್ಕೆ 10 ಪರ್ಸೆಂಟ್ ಅಂದರೆ 14,500. ಸೆಸ್ 4 ಪರ್ಸೆಂಟ್ ಸೇರಿ 35,880. ಹಿಡಿದದ್ದು ಬಿಟ್ಟು ಇನ್ನೂ 25,480 ಕಟ್ಟಬೇಕು.

ಕೊನೆ ದಿನ ದಾಟಿದರೆ ಹಳೆ ಪದ್ಧತಿ ಆರಿಸುವ ಹಕ್ಕೇ ಹೋಗುತ್ತದೆ. ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಹಾಕಬಹುದು ನಿಜ, ಸೆಕ್ಷನ್ 139(4)ರಲ್ಲಿ. ಆದರೆ ಹೊಸ ಪದ್ಧತಿಯಲ್ಲಿ ಮಾತ್ರ. ಮೇಲೆ 5,000 ದಂಡ, ಬಾಕಿಗೆ ತಿಂಗಳಿಗೆ 1 ಪರ್ಸೆಂಟ್ ಬಡ್ಡಿ. ಬರುವ 10,400 ಹೋಯಿತು, 25,480 ಕೈಯಿಂದ ಹೋಯಿತು, ದಂಡ 5,000. ನಿಮಗೆ ಆ ಒಂದು ರಾತ್ರಿಯ ಬೆಲೆ 40,880 ರೂಪಾಯಿ, ಬಡ್ಡಿ ಬಿಟ್ಟು.

ಹದಿನೈದು ದಿನ ಕೇಳಬೇಡಿ. ಇವತ್ತು ರಾತ್ರಿ ಎರಡು ಗಂಟೆ ಹೊಂದಿಸಿಕೊಳ್ಳಿ, ಸಾಕು.

ನರಸಾಪುರ ಶಿಫ್ಟ್ · 2:50

40 ಸಾವಿರ! ಇದು ಅಪ್ಪನ ಎರಡು ತಿಂಗಳ ಔಷಧಿ, ಫಿಸಿಯೋಥೆರಪಿ ದುಡ್ಡು ಸಾರ್. ಐದು ಸಾವಿರ ದಂಡ ಕಟ್ಟಿ ಡಿಸೆಂಬರ್‌ನಲ್ಲಿ ಹಾಕೋಣ ಅಂದುಕೊಂಡಿದ್ದೆ. ಆದರೆ ಹಳೆ ಕಂಪನಿಯ ಫಾರಂ 16 ಇಲ್ಲದೆ ಹೇಗೆ?

ಮಾಲೂರು ಹೆಂಚು · 3:05

ಸೊನ್ನೆ ಸೊನ್ನೆ ಹಾಕಿ ಈಗ ಸಬ್ಮಿಟ್ ಮಾಡಿಬಿಡಿ. ಆಮೇಲೆ ನಿಧಾನವಾಗಿ ತಿದ್ದುಪಡಿ ಮಾಡಬಹುದು. ನಮ್ಮ ಆಫೀಸಿನಲ್ಲಿ ಎಲ್ಲರೂ ಹಾಗೇ ಮಾಡುವುದು.

ಲೆಕ್ಕದ ಪುಸ್ತಕ · 3:30

ದಯವಿಟ್ಟು ಬೇಡ. ಗೊತ್ತಿದ್ದೂ ಸುಳ್ಳು ಅಂಕಿ ಹಾಕುವುದು ಬೇರೆ, ಇರುವ ಕಾಗದದ ಮೇಲೆ ಪ್ರಾಮಾಣಿಕವಾಗಿ ಹಾಕಿ ಆಮೇಲೆ ಸಣ್ಣ ತಪ್ಪು ತಿದ್ದುವುದು ಬೇರೆ. ತಿದ್ದುಪಡಿ ರಿಟರ್ನ್ ಇರುವುದು ಎರಡನೆಯದಕ್ಕೆ. ಅದಕ್ಕೆ ಡಿಸೆಂಬರ್ 31ರವರೆಗೆ ಸಮಯ ಇದೆ, ದಂಡ ಇಲ್ಲ.

ಫಾರಂ 16 ಇಲ್ಲದಿದ್ದರೂ ನಡೆಯುತ್ತದೆ. ಪೋರ್ಟಲ್‌ನಲ್ಲಿ 26ಎಎಸ್ ಅನ್ನುವ ತೆರಿಗೆ ಪಟ್ಟಿ ತೆಗೆಯಿರಿ. ಹಳೆ ಕಂಪನಿಯ ಟ್ಯಾನ್ ಸಂಖ್ಯೆ, ಕೊಟ್ಟ ಸಂಬಳ, ಹಿಡಿದ ತೆರಿಗೆ ಮೂರೂ ಅದರಲ್ಲಿವೆ. ವರ್ಷದ ಆದಾಯದ ವಿವರ ಇರುವ ಎಐಎಸ್ ಕೂಡ ಇಳಿಸಿಕೊಳ್ಳಿ. ಅದರ ಪಿಡಿಎಫ್ ಪಾಸ್‌ವರ್ಡ್ ನಿಮ್ಮ ಪ್ಯಾನ್ ಸಣ್ಣ ಅಕ್ಷರದಲ್ಲಿ, ಅದರ ಹಿಂದೆಯೇ ಹುಟ್ಟಿದ ದಿನ, ತಿಂಗಳು, ವರ್ಷ. ಸಂಬಳದ ಚೀಟಿಗಳ ಜೊತೆ ತಾಳೆ ನೋಡಿ. ಉಳಿತಾಯ ಖಾತೆಯ ಬಡ್ಡಿನೂ ಬಿಡಬೇಡಿ. ಅದನ್ನು ಸೇರಿಸಿದರೆ 5 ಲಕ್ಷ ದಾಟುತ್ತಾ ನೋಡಿಕೊಳ್ಳಿ. 80ಟಿಟಿಎ ಕೆಳಗೆ 10,000ದವರೆಗೆ ಅದನ್ನು ಕಳೆಯಬಹುದು.

ಒಂದು ಎಚ್ಚರ. ಈ ವರ್ಷ ಫಾರಂ ಸುಮ್ನೆ ಮೊತ್ತ ಹಾಕಿದರೆ ಒಪ್ಪುವುದಿಲ್ಲ. ಸಾಲ ಕೊಟ್ಟ ಬ್ಯಾಂಕಿನ ಹೆಸರು, ಸಾಲದ ಖಾತೆ ಸಂಖ್ಯೆ, ವಿಮಾ ಪಾಲಿಸಿ ಸಂಖ್ಯೆ ಎಲ್ಲಾ ಕೇಳುತ್ತದೆ. ಮನೆಯಲ್ಲಿ ಇರುವವರಿಗೆ ಹೇಳಿ ಫೋಟೋ ತೆಗೆಸಿ ತರಿಸಿಕೊಳ್ಳಿ.

ಚೇಳೂರು ಮಳೆ · 4:10

ಫಾರಂ 16 ಕೊಡದ ಕಂಪನಿಯನ್ನೂ ಬಿಡಬೇಡಿ. ಜೂನ್ 15ರ ಒಳಗೆ ಕೊಡುವುದು ಅವರ ಕರ್ತವ್ಯ. ತಡವಾದ ಪ್ರತಿ ದಿನಕ್ಕೆ 500 ರೂಪಾಯಿ ದಂಡ ಅವರ ಮೇಲಿದೆ. ಮೇಲ್‌ನಲ್ಲಿ ಆ ಸೆಕ್ಷನ್ 272ಎ ಅಂತ ಒಂದು ಸಾಲು ಬರೆಯಿರಿ. ನನ್ನ ತಂಗಿಗೆ ಎರಡೇ ದಿನಕ್ಕೆ ಬಂತು.

ಟೊಮೆಟೊ ತೋಟ · ಸಂಜೆ 5:20

ಮಧ್ಯೆ ಒಂದು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ನಾವು ಬೆಳೆಗಾರರು. ಕೋಲಾರ ಎಪಿಎಂಸಿಗೆ ಟೊಮೆಟೊ ಹಾಕುತ್ತೇವೆ. ನಾವೂ 15ರ ಒಳಗೆ ಏನಾದರೂ ಹಾಕಬೇಕಾ? 2023ರಲ್ಲಿ 15 ಕೆಜಿ ಬಾಕ್ಸ್ 2,000 ದಾಟಿದಾಗ ಎಲ್ಲರೂ ಹೆದರಿಸಿದ್ದರು, ಐಟಿಯವರು ಬರುತ್ತಾರೆ ಅಂತ.

ಅವನಿ ಬೆಟ್ಟ · 5:31

ಬೆಳೆ ಮಾರಿದ ದುಡ್ಡಿಗೆ ತೆರಿಗೆ ಇಲ್ಲ ಅಣ್ಣ. ಅದು ಬಿಟ್ಟು ಬೇರೆ ಆದಾಯ ಇದೆಯಾ?

ಟೊಮೆಟೊ ತೋಟ · 5:40

ಎಂಟು ಸೀಮೆ ಹಸು ಇವೆ. ಡೈರಿಗೆ ಹಾಲು ಹಾಕುತ್ತೇವೆ. ಅದೂ ಕೃಷಿನೇ ತಾನೆ?

ಲೆಕ್ಕದ ಪುಸ್ತಕ · 6:15

ಅಲ್ಲ ಗೌಡರೇ. ನಮ್ಮ ಜಿಲ್ಲೆಗಳಲ್ಲಿ ಎಲ್ಲರೂ ಎಡವುವುದು ಇಲ್ಲೇ. ಟೊಮೆಟೊ ಕೃಷಿ ಆದಾಯ, ಹಾಲಿನ ದುಡ್ಡು ಕೃಷಿ ಆದಾಯ ಅಲ್ಲ. ಮೇವು, ಹಿಂಡಿ, ಆಳಿನ ಕೂಲಿ ಕಳೆದು ಉಳಿದ ಲಾಭ ನೋಡಿ. ಅದು ಮೂಲ ಮಿತಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ನಿಮಗೆ ರಿಟರ್ನ್ ಬೇಕಿಲ್ಲ. ದಾಟಿದರೆ ಬೇಕು. ಆಗ ಟೊಮೆಟೊ ಆದಾಯವನ್ನೂ ದರ ಲೆಕ್ಕಕ್ಕೆ ತೋರಿಸಬೇಕು. ಮಂಡಿ ಇಟ್ಟು ಕಮಿಷನ್ ತಗೊಳ್ಳುವವರದ್ದಂತೂ ಪಕ್ಕಾ ವ್ಯಾಪಾರ.

ಟೊಮೆಟೊ ತೋಟ · 6:22

ಹಾಲು ಕರೆಯುವುದು ಕೃಷಿ ಅಲ್ಲ ಅಂದರೆ ಏನು ಹೇಳೋಣ. ಬೆಳಗಿನ ಜಾವ ನಾಲ್ಕಕ್ಕೆ ಏಳುವವರು ನಾವು. ಆಯಿತು, ಲೆಕ್ಕ ಬರೆದು ನೋಡುತ್ತೇನೆ.

ಶ್ರೀನಿವಾಸಪುರ ಮಾವು · ರಾತ್ರಿ 9:05

ತಪ್ಪಿದ ಮೇಲೆ ಕೇಳುವ ದಾರಿ ಇದೆ ಅಂದಿರಲ್ಲ ಸಾರ್, ಅದರ ಬಗ್ಗೆ ಬರೆಯುತ್ತೀರಾ?

ನಮ್ಮ ತಂದೆ ಪ್ರೌಢಶಾಲೆಯಲ್ಲಿ ಗಣಿತ ಮೇಷ್ಟ್ರು. ನಿವೃತ್ತಿಯಾದಾಗ ಬಂದ ದುಡ್ಡನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದರು. 2021ರ ಮೇ ತಿಂಗಳಲ್ಲಿ ಕೋವಿಡ್‌ನಲ್ಲಿ ಹೋಗಿಬಿಟ್ಟರು. ಹಿಂದಿನ ವರ್ಷದ ಬಡ್ಡಿಗೆ ಬ್ಯಾಂಕು ಟಿಡಿಎಸ್ ಹಿಡಿದಿತ್ತು. ಅವರು ಇದ್ದಿದ್ದರೆ ಪ್ರತಿ ವರ್ಷದಂತೆ ರಿಟರ್ನ್ ಹಾಕಿ ವಾಪಸ್ ತಗೊಳ್ಳುತ್ತಿದ್ದರು. ಆ ವರ್ಷ ನಮಗೆ ಯಾರಿಗೂ ಅದು ನೆನಪಿರಲಿಲ್ಲ. ಕಳೆದ ತಿಂಗಳು ಅವರ ಟ್ರಂಕಿನಲ್ಲಿ ನೋಟ್‌ಬುಕ್ ಸಿಕ್ಕಿತು. ಅವರ ಕೈಬರಹದಲ್ಲಿ "ಟಿಡಿಎಸ್ 18,600, ಜುಲೈನಲ್ಲಿ ಕೇಳಬೇಕು" ಅಂತ ಇದೆ.

ದುಡ್ಡಿಗಿಂತ ಜಾಸ್ತಿ, ಅವರು ಮಾಡಬೇಕು ಅಂತ ಬರೆದಿಟ್ಟದ್ದನ್ನು ಮುಗಿಸಬೇಕು ಅಂತ ಅಮ್ಮನಿಗೆ ಆಸೆ. ಈಗ ಪಿತೃಪಕ್ಷ. ಮಹಾಲಯ ಅಮಾವಾಸ್ಯೆ 21ಕ್ಕೆ ಬಂತು.

ಲೆಕ್ಕದ ಪುಸ್ತಕ · 10:10

ಅಮ್ಮಾ, ಸಿಗುತ್ತದೆ. ಖಂಡಿತ ಕೇಳಬಹುದು.

ಸೆಕ್ಷನ್ 119(2)(ಬಿ) ಅಂತ ಇದೆ. ನಿಜವಾದ ಕಷ್ಟದಿಂದ ತಡವಾಗಿದ್ದರೆ, ಟೈಮ್ ಮುಗಿದ ಮೇಲೂ ರಿಟರ್ನ್ ತಗೊಳ್ಳಲು ಒಪ್ಪಿಗೆ ಕೊಡಬಹುದು. ಮಂಡಳಿ 2024ರ ಅಕ್ಟೋಬರ್ 1ರಂದು ಇದಕ್ಕೆ ಹೊಸ ಸುತ್ತೋಲೆ ಹೊರಡಿಸಿದೆ, 11/2024 ಅಂತ. ಅದರ ಪ್ರಕಾರ ಮೌಲ್ಯಮಾಪನ ವರ್ಷ, ಅಂದರೆ ಆದಾಯ ಗಳಿಸಿದ ಮರುವರ್ಷ, ಮುಗಿದ ಮೇಲೆ ಐದು ವರ್ಷದ ಒಳಗೆ ಅರ್ಜಿ ಹಾಕಬೇಕು. ನಿಮ್ಮ ತಂದೆಯವರದ್ದು 2021-22. ಅದು 2022ರ ಮಾರ್ಚ್ 31ಕ್ಕೆ ಮುಗಿದದ್ದು. ಅಂದರೆ 2027ರ ಮಾರ್ಚ್ 31ರವರೆಗೆ ನಿಮಗೆ ಅವಕಾಶ ಇದೆ. ಒಂದು ಕೋಟಿಯವರೆಗಿನ ಮೊತ್ತಕ್ಕೆ ನಿಮ್ಮ ವ್ಯಾಪ್ತಿಯ ಆಯುಕ್ತರೇ ತೀರ್ಮಾನ ಮಾಡುತ್ತಾರೆ, ದೆಹಲಿಗೆ ಹೋಗಬೇಕಿಲ್ಲ. ಆದಷ್ಟು ಆರು ತಿಂಗಳ ಒಳಗೆ ಇತ್ಯರ್ಥ ಮಾಡಬೇಕು ಅಂತಲೂ ಸುತ್ತೋಲೆಯಲ್ಲಿದೆ.

ಮೊದಲು ಅಮ್ಮನನ್ನೋ ನಿಮ್ಮನ್ನೋ ಪೋರ್ಟಲ್‌ನಲ್ಲಿ ವಾರಸುದಾರರಾಗಿ ನೋಂದಾಯಿಸಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ ಅಥವಾ ವಾರಸು ಪ್ರಮಾಣಪತ್ರ, ಇಬ್ಬರ ಪ್ಯಾನ್ ಬೇಕು. ಅದು ಒಪ್ಪಿಗೆಯಾದ ಮೇಲೆ ಸೇವೆಗಳ ಪಟ್ಟಿಯಲ್ಲಿ ವಿಳಂಬ ಮನ್ನಾ ಕೋರಿಕೆ ಹಾಕಿ. ಕಾರಣ ಬರೆಯುವಾಗ ಉದ್ದುದ್ದ ಬೇಡ. ಯಾವ ದಿನ ಆಸ್ಪತ್ರೆಗೆ ಸೇರಿದರು, ಯಾವ ದಿನ ತೀರಿಕೊಂಡರು, ಟಿಡಿಎಸ್ ವಿಷಯ ನಿಮಗೆ ಯಾವಾಗ ಗೊತ್ತಾಯಿತು, ಇಷ್ಟನ್ನು ದಿನಾಂಕದ ಸಮೇತ ಬರೆಯಿರಿ. ಆ ನೋಟ್‌ಬುಕ್ ಪುಟದ ಫೋಟೋನೂ ಹಾಕಿ. ಅದು ಒಳ್ಳೆ ಸಾಕ್ಷಿ. ಆದೇಶ ಬಂದ ಮೇಲೆ ರಿಟರ್ನ್ ಹಾಕುವುದು.

ಒಂದು ಮಾತ್ರ, ಈ ದಾರಿಯಲ್ಲಿ ಬರುವ ಮರುಪಾವತಿಗೆ ಬಡ್ಡಿ ಕೊಡುವುದಿಲ್ಲ. ಮತ್ತೆ ಯಾರಾದರೂ "ಅಪ್‌ಡೇಟೆಡ್ ರಿಟರ್ನ್ ಹಾಕಿ, ಈಗ 48 ತಿಂಗಳು ಮಾಡಿದ್ದಾರೆ" ಅಂದರೆ ಕೇಳಬೇಡಿ. ಅದು ಜಾಸ್ತಿ ತೆರಿಗೆ ಕಟ್ಟುವವರಿಗೆ. ಅದರಲ್ಲಿ ಮರುಪಾವತಿ ಕೇಳುವ ಹಾಗಿಲ್ಲ.

ಚಾಂಪಿಯನ್ ರೀಫ್ · 10:32

ಮೇಷ್ಟ್ರ ಕೈಬರಹ ಓದಿ ಕಣ್ಣು ತುಂಬಿತು. ಹಾಕಿ ತಾಯಿ. ಬಿಡಬೇಡಿ.

ಅವನಿ ಬೆಟ್ಟ · 14 ಸೆಪ್ಟೆಂಬರ್, ಬೆಳಿಗ್ಗೆ 8:15

ಅಯ್ಯೋ, ಯಾರಾದರೂ ಬೇಗ ಹೇಳಿ. ಇಲ್ಲಿ ಓದಿ ನನ್ನದನ್ನು ತೆಗೆದು ನೋಡಿದೆ. ಆಗಸ್ಟ್ 2ರಂದೇ ಹಾಕಿದ್ದೇನೆ. ಆದರೆ "ಇ-ವೆರಿಫಿಕೇಶನ್ ಬಾಕಿ" ಅಂತ ಇದೆ! ಅವತ್ತು ಒಟಿಪಿ ಬರಲಿಲ್ಲ, ಆಮೇಲೆ ಮಾಡೋಣ ಅಂತ ಮರೆತಿದ್ದೇನೆ. 30 ದಿನ ಆಗಿಹೋಗಿದೆ.

ಚೇಳೂರು ಮಳೆ · 8:20

ಹೋಯ್ತು. 30 ದಿನದಲ್ಲಿ ಮಾಡದಿದ್ದರೆ ರಿಟರ್ನ್ ಹಾಕಿಲ್ಲ ಅಂತಲೇ ಲೆಕ್ಕ. ನನ್ನ ಗೆಳೆಯನಿಗೆ ಹಾಗೇ ಆಗಿತ್ತು.

ಲೆಕ್ಕದ ಪುಸ್ತಕ · 8:34

ಹೋಗಿಲ್ಲ, ಹೆದರಬೇಡಿ. 30 ದಿನ ದಾಟಿ ವೆರಿಫೈ ಮಾಡಿದರೆ, ವೆರಿಫೈ ಮಾಡಿದ ದಿನವೇ ರಿಟರ್ನ್ ಹಾಕಿದ ದಿನ ಅಂತ ಹಿಡಿಯುತ್ತಾರೆ. ಇವತ್ತು 14. ಇವತ್ತು ಮಾಡಿದರೆ ನೀವು ಕೊನೆ ದಿನದ ಒಳಗೇ ಹಾಕಿದ ಹಾಗೆ. ದಂಡ ಇಲ್ಲ. ನಾಳೆ ರಾತ್ರಿ ದಾಟಿದರೆ ಮಾತ್ರ ಕಷ್ಟ. ಆಧಾರ್ ಒಟಿಪಿ ಬರದಿದ್ದರೆ ನೆಟ್ ಬ್ಯಾಂಕಿಂಗ್ ಮೂಲಕ ಮಾಡಿ. ಈಗಲೇ ಮಾಡಿ ಬಂದು ಹೇಳಿ.

ಚೇಳೂರಿನವರ ಗೆಳೆಯನಿಗೂ ದಾರಿ ಇತ್ತು. ವೆರಿಫಿಕೇಶನ್ ತಡಕ್ಕೂ ಪೋರ್ಟಲ್‌ನಲ್ಲೇ ಮನ್ನಾ ಕೋರಿಕೆ ಹಾಕಬಹುದು, ಕಾರಣ ಬರೆದು. ಜನಕ್ಕೆ ಇದು ಗೊತ್ತೇ ಇರುವುದಿಲ್ಲ.

ಅವನಿ ಬೆಟ್ಟ · 9:02

ಆಯಿತು!! ಬ್ಯಾಂಕಿನ ಕಡೆಯಿಂದ ಹೋದೆ, ಎರಡು ನಿಮಿಷದ ಕೆಲಸ. ಸಾರ್ ನಿಮಗೆ ಕೋಟಿ ನಮಸ್ಕಾರ.

ಮಾಲೂರು ಹೆಂಚು · 11:30

ಎಲ್ಲರೂ ನಿಧಾನಕ್ಕೆ ಹಾಕಿ. ಸೆಪ್ಟೆಂಬರ್ 30ರವರೆಗೆ ಮುಂದೂಡಿದ್ದಾರೆ. ಆದೇಶದ ಫೋಟೋ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದಿದೆ.

ಚೇಳೂರು ಮಳೆ · 11:38

ಅದು ಸುಳ್ಳು ಸುದ್ದಿ. ಇಲಾಖೆಯೇ ಎಕ್ಸ್‌ನಲ್ಲಿ ಹಾಕಿದೆ, ಸೆಪ್ಟೆಂಬರ್ 30 ಅನ್ನುವುದು ನಕಲಿ, ಕೊನೆ ದಿನ 15 ಅಂತ. ನರಸಾಪುರದವರೇ, ಇದನ್ನು ನಂಬಿ ಕೂರಬೇಡಿ.

ಮಾಲೂರು ಹೆಂಚು · 11:50

ಗೊತ್ತಿರಲಿಲ್ಲ, ತಪ್ಪಾಯಿತು. ಗುಂಪಿನಲ್ಲೂ ತಿಳಿಸಿದ್ದೇನೆ. ಆದರೂ ಹೇಳುತ್ತೇನೆ, ಪ್ರತಿ ವರ್ಷ ಕೊನೆ ಗಳಿಗೆಯಲ್ಲಿ ಮುಂದೂಡುತ್ತಾರೆ ಅಲ್ವಾ?

ಚಾಂಪಿಯನ್ ರೀಫ್ · 12:05

ಪ್ರತಿ ವರ್ಷ ಅಲ್ಲ. 2018, 2019ರಲ್ಲಿ ಆಗಸ್ಟ್ 31ರವರೆಗೆ ಕೊಟ್ಟರು. ಕೋವಿಡ್ ವರ್ಷದ್ದು 2021ರ ಜನವರಿ 10ಕ್ಕೆ ಹೋಯಿತು, ಮರುವರ್ಷದ್ದು ಡಿಸೆಂಬರ್ 31ಕ್ಕೆ. ಆದರೆ 2022, 2023, 2024, ಮೂರು ವರ್ಷ ಜುಲೈ 31 ಅಂದರೆ ಜುಲೈ 31. ಮುಂದೂಡುತ್ತಾರೆ ಅಂತ ಕಾದು ಕೂತವರು ಆ ಮೂರು ವರ್ಷವೂ ದಂಡ ಕಟ್ಟಿದರು.

ಬಂಗಾರಪೇಟೆ ಬಂಡಿ · 12:20

ಈ ಕಾಯುವ ಅಭ್ಯಾಸ ಮಾಡಿಸಿದ್ದು ಯಾರು ಸಾರ್? ಕೊಟ್ಟು ಕೊಟ್ಟು ಅವರೇ. ನಾನು ಹೇಳುವುದು ಇಷ್ಟೇ. ಎಲ್ಲರಿಗೂ ಒಟ್ಟಿಗೆ ಕೊಡುವ ಬದಲು, ಆಸ್ಪತ್ರೆ ಕಾಗದ ಇರುವವನಿಗೆ ಪೋರ್ಟಲ್‌ನಲ್ಲೇ 30 ದಿನ ಕೊಡಲಿ. ಬೇಕಿದ್ದರೆ ತೆರಿಗೆ ದುಡ್ಡು ಮೊದಲೇ ಕಟ್ಟಿಸಿಕೊಳ್ಳಲಿ, ಟೆಕ್ಸಾಸ್ ಅಣ್ಣ ಹೇಳಿದ ಹಾಗೆ.

ಮುಳಬಾಗಿಲು ದೋಸೆ · ಸಂಜೆ 6:40

ಇದು ನನಗೂ ಸರಿ ಅನಿಸುತ್ತದೆ. ಸರ್ಕಾರಕ್ಕೆ ಬೇಕಾದ್ದು ದುಡ್ಡು. ಅದು ಬಂದ ಮೇಲೆ ಕಾಗದ ಒಂದು ತಿಂಗಳು ತಡವಾದರೆ ಯಾರಿಗೂ ನಷ್ಟ ಇಲ್ಲ.

ಲೆಕ್ಕದ ಪುಸ್ತಕ · 7:15

ಆಸ್ಪತ್ರೆ ಕಾಗದ ಅಂದ ಕೂಡಲೇ ನಕಲಿ ಕಾಗದವೂ ಬರುತ್ತವೆ, ಅದು ನನ್ನ ಅಳುಕು. ಆದರೆ ದುಡ್ಡು ಮೊದಲೇ ಕಟ್ಟಿಸಿಕೊಳ್ಳುವ ಮಾತಿಗೆ ನನ್ನ ವೋಟು.

ನರಸಾಪುರ ಶಿಫ್ಟ್ · 15 ಸೆಪ್ಟೆಂಬರ್, ರಾತ್ರಿ 10:50

ನಿನ್ನೆ ರಾತ್ರಿ ಅಪ್ಪನಿಗೆ ಜ್ವರ ಬಂತು, ಕೂರಲು ಆಗಲಿಲ್ಲ. ಈಗ ತಂಗಿ ಬಂದಿದ್ದಾಳೆ. ಹೆಂಡತಿ ಸಾಲದ ಖಾತೆ, ಪಾಲಿಸಿ ಫೋಟೋ ಕಳಿಸಿದಳು. 26ಎಎಸ್ ಸಿಕ್ಕಿತು, 10,400 ಸರಿಯಾಗಿ ಇದೆ. ಎಲ್ಲಾ ತುಂಬಿದೆ. ಪುಟ ತೆರೆಯುತ್ತಿಲ್ಲ, ಸುತ್ತುತ್ತಲೇ ಇದೆ. ಮೂರು ಸಲ ಹೊರಗೆ ಹಾಕಿತು.

ಲೆಕ್ಕದ ಪುಸ್ತಕ · 10:56

ಎಲ್ಲರಿಗೂ ಹಾಗೇ ಇದೆ. ಡ್ರಾಫ್ಟ್ ಉಳಿಸಿಕೊಳ್ಳಿ. ಬೇರೆ ಬ್ರೌಸರ್‌ನಲ್ಲಿ ಪ್ರಯತ್ನಿಸಿ. ನಾನೂ ಎಚ್ಚರ ಇದ್ದೇನೆ.

ನರಸಾಪುರ ಶಿಫ್ಟ್ · 11:41

ಆಗುತ್ತಿಲ್ಲ ಸಾರ್. ಇನ್ನು 19 ನಿಮಿಷ.

ಚೇಳೂರು ಮಳೆ · 11:57

ಒಂದು ದಿನ ಕೊಟ್ಟರು! ಈ ಸಲ ನಿಜವಾದ ಆದೇಶ, ಇಲಾಖೆಯ ಖಾತೆಯಲ್ಲೇ ಇದೆ. 16ನೇ ತಾರೀಖಿನವರೆಗೆ. ರಾತ್ರಿ 12ರಿಂದ 2:30ರವರೆಗೆ ಪೋರ್ಟಲ್ ದುರಸ್ತಿಗೆ ಮುಚ್ಚಿರುತ್ತದಂತೆ.

ಬಂಗಾರಪೇಟೆ ಬಂಡಿ · 11:59

ನರಸಾಪುರ ಅಣ್ಣ, ಎರಡೂವರೆಗೆ ಅಲಾರಂ ಇಟ್ಟು ಮಲಗಿ ಸ್ವಲ್ಪ.

ನರಸಾಪುರ ಶಿಫ್ಟ್ · 16 ಸೆಪ್ಟೆಂಬರ್, ಬೆಳಿಗ್ಗೆ 5:12

ಹಾಕಿದೆ. ಹಳೆ ಪದ್ಧತಿ ಆರಿಸಿದೆ, ಉಳಿತಾಯ ಖಾತೆಯ ಬಡ್ಡಿನೂ ತೋರಿಸಿದೆ, ಮರುಪಾವತಿ 10,400 ತೋರಿಸಿತು. ಆಧಾರ್ ಒಟಿಪಿ ಮೊದಲನೇ ಸಲವೇ ಬಂತು. ವೆರಿಫೈ ಆಗಿ ಸ್ವೀಕೃತಿ ಸಂಖ್ಯೆ ಬಂದಿದೆ.

ಆಸ್ಪತ್ರೆಯ ಹೊರಗೆ ಟೀ ಅಂಗಡಿ ಈಗ ತೆರೆದಿದೆ. ಅಪ್ಪ ಎದ್ದು, ಏನೋ ಮಾಡುತ್ತಿದ್ದೀಯಲ್ಲ ರಾತ್ರಿಯೆಲ್ಲ ಅಂತ ಕೇಳಿದರು. ಪೂರ್ತಿ ಒಂದು ವಾಕ್ಯ.

ಲೆಕ್ಕದ ಪುಸ್ತಕ · 6:05

ಸಂತೋಷ. ಹಳೆ ಕಂಪನಿಯ ಫಾರಂ 16 ಬಂದ ಮೇಲೆ ಒಂದು ಸಲ ತಾಳೆ ನೋಡಿ. ವ್ಯತ್ಯಾಸ ಇದ್ದರೆ ಡಿಸೆಂಬರ್ ಒಳಗೆ ತಿದ್ದೋಣ.

ಶ್ರೀನಿವಾಸಪುರ ಮಾವು · 17 ಸೆಪ್ಟೆಂಬರ್, ಸಂಜೆ 7:30

ಸಾರ್, ವಾರಸುದಾರರ ನೋಂದಣಿಗೆ ಅಮ್ಮನ ಹೆಸರಿನಲ್ಲಿ ಅರ್ಜಿ ಹಾಕಿದೆವು. ಅಪ್ಪನ ಪ್ಯಾನ್ ಕಾರ್ಡಿನಲ್ಲಿ ಅವರ ಹೆಸರಿನ ಮುಂದೆ ಇನಿಷಿಯಲ್ ಇದೆ, ಮರಣ ಪ್ರಮಾಣಪತ್ರದಲ್ಲಿ ಊರಿನ ಹೆಸರು ಪೂರ್ತಿ ಇದೆ. ತೊಂದರೆ ಆಗುತ್ತದಾ?

ಲೆಕ್ಕದ ಪುಸ್ತಕ · 8:02

ಇಬ್ಬರೂ ಒಬ್ಬರೇ ಅಂತ ನೋಟರಿ ಹತ್ತಿರ ಒಂದು ಅಫಿಡವಿಟ್ ಮಾಡಿಸಿ ಜೊತೆಗೆ ಇಟ್ಟುಕೊಳ್ಳಿ. ಕೇಳಿದರೆ ಕೊಡೋಣ.